ಕೀಲಿ ಅತ್ತೇದು

ಫೆಬ್ರವರಿ ೩, ಸೋಮವಾರ

“ಬೈಯೋಕೆ ಯಾರೂ ಸಿಗದಾಗ ಇದರಲ್ಲಿ ಬೈಯಿರಿ ಅತ್ತೆ” ಎಂದು ಈ ಪುಸ್ತಕ ತಂದುಕೊಟ್ಟವಳು ಸೊಸೆ. ಹೋದ ವರ್ಷದ ಮಾತು. ನನಗೆ ಪುಸ್ತಕ ಕೊಡುವುದೂ ಒಂದೇ, ಬೋಳುತಲೆಯವನಿಗೆ ಬಾಚಣಿಗೆ ಕೊಡುವುದೂ ಒಂದೇ ಎಂದು ಬೀರುವಿನ ಮೇಲೆ ಎಸೆದಿದ್ದೆ. ಊರ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದವಳು ನಾನು. ಅದರಲ್ಲೂ ಅರ್ಧ ಕಾಲ ಮೇಷ್ಟರ ಮನೆಯ ಕೂಸು ಆಡಿಸುವುದರಲ್ಲೇ ಹೋಯಿತು. ಅಕ್ಷರ ಬರುತ್ತದೆ, ಸಾಲು ಮಾತ್ರ ನೆಟ್ಟಗೆ ನಿಲ್ಲುವುದಿಲ್ಲ.

ಇವತ್ತು ಧೂಳು ಕೊಡವಿ ತೆಗೆದೆ. ಬೈಸಿಕೊಳ್ಳಬೇಕಾದವಳು ಜನವರಿಯಲ್ಲಿ ಎದ್ದು ಹೋದಳು. ಹೋಗುವಾಗಲೂ ಅತ್ತೆಯನ್ನು ಒಂದು ಮಾತು ಕೇಳಲಿಲ್ಲ. ಈ ಮನೆಯಲ್ಲಿ ಹಿರಿಯಳು ನಾನು, ಸರದಿ ನನ್ನದಿತ್ತು. ಸರದಿ ತಪ್ಪಿಸಿ ನುಗ್ಗುವುದು ಅವಳ ಹುಟ್ಟುಗುಣ.

ಮಗ ಸಂಜೆ ಬೇಗ ಬಂದ. ಲಿಫ್ಟ್ ರಿಪೇರಿ ಮಾಡುವವನು. ಜಗತ್ತನ್ನೆಲ್ಲ ಮೇಲೆ ಕೆಳಗೆ ಓಡಾಡಿಸುತ್ತಾನೆ, ತನ್ನ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ನೀರು ಕುಡಿದು, ಲೋಟ ತೊಳೆದಿಟ್ಟು, ಆಮೇಲೆ ಬಾಯಿ ಬಿಟ್ಟ.

“ಅಮ್ಮ, ಅವಳು ನಿನ್ನ ಹತ್ರ ಕೀಲಿ ಏನಾದ್ರೂ ಕೊಟ್ಟಿದ್ಲಾ?”

“ನನಗೇನು ಕೊಡ್ತಾಳೆ? ಬಂದ ದಿನದಿಂದ ಎದುರುತ್ತರ ಕೊಟ್ಲು. ಬೇಕಾದ್ರೆ ಅದನ್ನ ತಗೋ.”

ಅವನು ನಗಲಿಲ್ಲ. ಬಿಡಿಸಿ ಹೇಳಿದ. ಕಾಯಿಲೆ ಬಲಿತ ಮೇಲೆ ಅವಳು ಮಧ್ಯಾಹ್ನ ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಮಾತಾಡುತ್ತಿದ್ದಳಲ್ಲ, ಅದು ಕೆಲಸದ ಮಾತಲ್ಲವಂತೆ. ಮಗಳಿಗೆಂದು ಆಡಿ ಇಟ್ಟ ಮಾತಂತೆ, ಒಂದೊಂದು ವಯಸ್ಸಿಗೆ ಒಂದೊಂದು. ಎಲ್ಲವನ್ನೂ ಒಂದು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾಳಂತೆ. ಪೆಟ್ಟಿಗೆ ಇರುವುದು ಕಂಪ್ಯೂಟರಿನ ಒಳಗೆ. ತೆಗೆಯಲು ಎರಡು ಬೇಕು. ಒಂದು ಪಾಸ್‌ವರ್ಡ್, ಅದು ಮಗನಿಗೆ ಗೊತ್ತು. ಇನ್ನೊಂದು ಕೀಲಿ. ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ “ಕೀಲಿ ಅತ್ತೇದು, ನಾಳೆ ಹೇಳ್ತೀನಿ” ಎಂದು ಮಲಗಿದವಳು ಮತ್ತೆ ಮಾತಾಡಲಿಲ್ಲ.

ಇಲಿಮರಿಯ ಪರೀಕ್ಷೆ ಮುಗಿದ ದಿನ ಮೊದಲನೆಯದನ್ನು ಕೇಳಿಸಬೇಕಂತೆ. ಇಲಿಮರಿ ನನ್ನ ಮೊಮ್ಮಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತಾಳೆ, ಪೆನ್ಸಿಲ್ಲಿನಿಂದ ಹಿಡಿದು ತನ್ನ ಜಡೆಯ ತುದಿಯವರೆಗೆ. ಶಾಲೆಯ ಕೊನೆಯ ವರ್ಷ.

“ನಿನ್ನ ಹತ್ರ ಇಲ್ವಾ ಅಮ್ಮ?”

“ನನ್ನ ಹತ್ರ ಇರೋದು ಬೀರು ಕೀಲಿ. ಅದೂ ತಿರುಗಲ್ಲ.”

ಮುಚ್ಚಿಡುವ ಬುದ್ಧಿ ಅವಳಿಗೆ ಮೊದಲಿನಿಂದಲೂ ಇತ್ತು. ನಾನು ಆ ಕೋಣೆಗೆ ಕಾಲಿಟ್ಟರೆ ಸಾಕು, ಮಾತು ನಿಲ್ಲುತ್ತಿತ್ತು, ಪರದೆ ಕಪ್ಪಗಾಗುತ್ತಿತ್ತು. ಅಲ್ಲಿ ಬೀಗ ಹಾಕುತ್ತಿದ್ದದ್ದು ನನ್ನ ಕಿವಿಗೆ. ಈಗ ನೋಡಿದರೆ ಕೀಲಿ ನನ್ನದಂತೆ!

ಫೆಬ್ರವರಿ ೫, ಬುಧವಾರ

ಮನೆಯಲ್ಲಿದ್ದ ಕೀಲಿಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ತವರಿನಿಂದ ತಂದ ಟ್ರಂಕಿನದು, ಟ್ರಂಕು ತುಕ್ಕು ಹಿಡಿದು ಹೋಗಿ ಕಾಲವಾಯಿತು. ಹಳೆಯ ಬಾಡಿಗೆ ಮನೆಯದು, ಮನೆಯೇ ಇಲ್ಲ. ಯಜಮಾನರ ಸೈಕಲ್ಲಿನದು, ಯಜಮಾನರೂ ಇಲ್ಲ. ಬೀಗ ಸತ್ತರೂ ಕೀಲಿ ಬದುಕಿರುತ್ತದೆ, ಮುದುಕಿಯ ಹಾಗೆ.

ಎಲ್ಲವನ್ನೂ ಸೆರಗಿಗೆ ಕಟ್ಟಿಕೊಂಡು ಕಂಪ್ಯೂಟರಿನ ಹಿಂದೆ ಬಗ್ಗಿದೆ. ತೂತುಗಳೇನೋ ಬೇಕಾದಷ್ಟಿವೆ, ಒಂದಕ್ಕೂ ಹೊಂದುವುದಿಲ್ಲ. ಅಷ್ಟರಲ್ಲಿ ಇಲಿಮರಿ ಬಂದಳು.

“ಅಜ್ಜಿ, ಏನ್ ಮಾಡ್ತಿದ್ದೀಯ?”

“ಕಾಣಲ್ವಾ, ತೂತು ಹುಡುಕ್ತಿದ್ದೀನಿ.”

“ಅದು ಕಬ್ಬಿಣದ ಕೀಲಿ ಅಲ್ಲ ಅಜ್ಜಿ!” ನಗು ಬರುವುದರಲ್ಲಿತ್ತು ಅವಳಿಗೆ. ಬರಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು, “ನೀನು ಬಚ್ಚಿಟ್ಟಿಲ್ಲ ತಾನೇ?”

ಈ ಯಂತ್ರದಲ್ಲಿ ನನಗೆ ಬರುವುದು ಎರಡೇ ಕೆಲಸ. ಹಾಡು ಹಾಕುವುದು, ಬೇಡದ್ದನ್ನು ಎಳೆದು ಕಸದ ಬುಟ್ಟಿಗೆ ಹಾಕುವುದು. ಎರಡನ್ನೂ ಕಲಿಸಿದವಳು ಅವಳಮ್ಮ. “ಕಸ ಹಾಕೋದನ್ನ ನನಗೆ ಕಲಿಸ್ತೀಯಾ?” ಎಂದು ಅವತ್ತು ರೇಗಿದ್ದೆ. ಬಚ್ಚಿಡುವುದನ್ನು ಯಾರೂ ಕಲಿಸಿಲ್ಲ.

ಫೆಬ್ರವರಿ ೯, ಭಾನುವಾರ

ಇಲಿಮರಿಯ ಫೋನು ನಗುತ್ತದೆ. ಬರೆದಿಡಬೇಕು ಎಂದುಕೊಂಡೇ ಇದ್ದೆ. ಯಾರಾದರೂ ಫೋನು ಮಾಡಿದರೆ ಬೇರೆಯವರದು ಹಾಡುತ್ತದೆ, ಇವಳದು ನಗುತ್ತದೆ. ಅವಳಮ್ಮನ ನಗು. ಮೊದಲು ಮೂಗಿನಲ್ಲಿ ತಡೆದು, ಆಮೇಲೆ ತಡೆಯಲಾರದೆ ಪಾತ್ರೆ ಬಿದ್ದ ಹಾಗೆ. ಎಲ್ಲಿ ಸಿಕ್ಕಿತೋ ಕೇಳಲಿಲ್ಲ. ತೀರಿಹೋದವಳು ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮಂಚದ ಕೆಳಗೆ ಎಲ್ಲೆಂದರಲ್ಲಿ ನಗುತ್ತಾಳೆ. ನನ್ನ ಕೈಯಿಂದ ಸೌಟು ಬೀಳುತ್ತದೆ.

“ಅದನ್ನ ಬದಲಾಯಿಸೇ” ಎಂದೆ.

“ಬದಲಾಯಿಸಲ್ಲ.”

ನನ್ನನ್ನು ನೋಡಿಯೇ ನಗುತ್ತಿದ್ದಾಳೆ ಅನ್ನಿಸುತ್ತದೆ. ಇದ್ದಾಗಲೂ ಹಾಗೇ ಅನ್ನಿಸುತ್ತಿತ್ತು.

ಫೆಬ್ರವರಿ ೨೦, ಗುರುವಾರ

ಸೊಸೆಯ ಜೊತೆ ಕೆಲಸ ಮಾಡುತ್ತಿದ್ದವಳು ಬಂದಿದ್ದಳು. ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಏಣಿ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ.

ಇವರಿಬ್ಬರೂ ಮನೆಯಲ್ಲಿ ಕೂತು ಮಾಡುತ್ತಿದ್ದದ್ದು ಒಂದು ಆಪ್ತಸಲಹೆ ಕೇಂದ್ರದ ಕೆಲಸ. ಕಷ್ಟದಲ್ಲಿರುವವರು ಅಲ್ಲಿ ಹೋಗಿ ಹೇಳಿಕೊಂಡದ್ದನ್ನು ಇವರು ಕೇಳಿಸಿಕೊಂಡು ಟೈಪು ಮಾಡಬೇಕು. “ಒಬ್ಬಳ ವಿಳಾಸ ಹೊರಗೆ ಬಿದ್ರೆ ಸಾಕು ಅಜ್ಜಿ, ಅವಳ ಗಂಡ ಹುಡುಕ್ಕೊಂಡು ಬಂದು ಕತ್ತು ಹಿಸುಕ್ತಾನೆ. ಅದಕ್ಕೇ ಬೀಗ” ಎಂದಳು.

ಪರದೆ ಕಪ್ಪಗಾಗುತ್ತಿದ್ದದ್ದು ಅದಕ್ಕೋ? ಹೇಳಿದ್ದರೆ ಏನಾಗುತ್ತಿತ್ತು? ಹೇಳಿದ್ದಳೇನೋ. ನಾನು ಮಧ್ಯೆ ಬಾಯಿ ಹಾಕಿರುತ್ತೇನೆ.

“ಕೀಲಿ ಅಂದ್ರೆ ಹೇಗಿರತ್ತಮ್ಮ ಅದು?”

“ಯಾವುದಾದ್ರೂ ಫೈಲು. ಫೋಟೊ ಆಗ್ಬಹುದು, ಹಾಡಾಗ್ಬಹುದು, ಯಾರದಾದ್ರೂ ದನಿ ಆಗ್ಬಹುದು. ಅವರವರ ಇಷ್ಟ. ಪಾಸ್‌ವರ್ಡ್ ಹಾಕಿ, ಆ ಫೈಲನ್ನ ತೋರಿಸಿದ್ರೆ ಪೆಟ್ಟಿಗೆ ತೆಗೆಯತ್ತೆ. ಬಾಗಿಲಿಗೆ ಹಾಕೋ ಬೀಗದ ಥರ ಅಲ್ಲ. ಒಡೆಯೋಣ ಅಂದ್ರೆ ಬಾಗಿಲೇ ಇರಲ್ಲ. ಒಳಗಿರೋದನ್ನೇ ಗುರುತು ಸಿಗದ ಹಾಗೆ ಮಾಡಿಬಿಡತ್ತೆ. ಎನ್‌ಕ್ರಿಪ್ಟ್ ಅಂತಾರೆ.”

“ಬೀಸಿ ಹಿಟ್ಟು ಮಾಡಿದ ಹಾಗೆ?”

“ಹಾಗೇ ಅನ್ಕೊಳ್ಳಿ. ಅದೇ ಕೀಲಿ ಕೊಟ್ರೆ ಹಿಟ್ಟು ಮತ್ತೆ ಕಾಳಾಗತ್ತೆ.”

“ಅಂಥ ಗಿರಣಿ ನಾನು ಕಂಡಿಲ್ಲ ತಾಯಿ. ಕೀಲಿ ಒಂಚೂರು ಸವೆದಿದ್ರೆ?”

“ಕೂದಲೆಳೆಯಷ್ಟು ಬದಲಾದ್ರೂ ಹಿಟ್ಟು ಹಿಟ್ಟೇ.” ಎದ್ದು ನಿಂತವಳು ಮತ್ತೆ ಬಗ್ಗಿ ಕೇಳಿದಳು, “ನಿಮ್ಮದು ಏನಾದ್ರೂ ಇತ್ತಾ ಅಜ್ಜಿ, ಅವಳ ಹತ್ರ? ಫೋಟೊ, ಮಾತು, ಏನಾದ್ರೂ?”

ಇಲ್ಲ ಎಂದೆ. ಇತ್ತು. ಹೇಳಲು ನಾಚಿಕೆಯಾಯಿತು.

ಫೆಬ್ರವರಿ ೨೨, ಶನಿವಾರ

ಇಲ್ಲಿಯಾದರೂ ಬರೆಯೋಣ. ಅಡುಗೆಮನೆಯ ಕಿಟಕಿಯ ಆಚೆ, ಹಳೆ ಪೊರಕೆ ಇಡುವ ಮೂಲೆಯಲ್ಲಿ ಒಂದು ಪಾರಿವಾಳ ಗೂಡು ಕಟ್ಟಿತ್ತು. ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು ನಾನು ಅದಕ್ಕೆ ಬೈಯುತ್ತಿದ್ದೆ. ಸೊಸೆ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು. ಅವಳ ತಂಗಿ ಬಂದಾಗ ಹಾಕಿ ಕೇಳಿಸಿದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ಬಿದ್ದರು. ನಾನು ಅರ್ಧಕ್ಕೇ ಎದ್ದು ಹೋದೆ. ಅಳಿಸು ಎಂದೆ. “ಅಳಿಸಿದೆ ಅತ್ತೆ” ಎಂದಳು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು ಅಳಿಸಿಲ್ಲ ಎಂದು. ಅಳಿಸಿದೆಯಾ ಎಂದು ಆಮೇಲೂ ದಿನಾ ಕೇಳುತ್ತಿದ್ದೆ, ಮನೆಮಂದಿಯ ಮುಂದೆಲ್ಲ. ಅವಳಿಗೂ ಅದೊಂದು ಆಟ, ನನಗೂ.

ಅದೇ ಕೀಲಿಯೇ? ಅತ್ತೆಯ ಬೈಗುಳದಿಂದ ಬೀಗ ಹಾಕುವ ಸೊಸೆಯೂ ಉಂಟೇ?

ಅವಳಾದರೆ ಹಾಕಿಯಾಳು.

ಮಾರ್ಚ್ ೧೨, ಬುಧವಾರ

ಅಕ್ಷರ ಕೆಟ್ಟರೆ ಕೆಡಲಿ, ಇವತ್ತೇ ಬರೆಯಬೇಕು.

ನಾಚಿಕೆ ಬಿಟ್ಟು ಏಣಿಗೆ ಫೋನು ಮಾಡಿಸಿದ್ದೆ. ಇಲಿಮರಿ ಪರೀಕ್ಷೆಗೆ ಹೋದ ಹೊತ್ತಿಗೆ ಬಂದಳು. ಸಿಕ್ಕಿದ ಮೇಲೆ ಮಗುವಿಗೆ ಹೇಳೋಣ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದಿದ್ದೆ. ಮಗ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಕೆಲಸಕ್ಕೆ ಹೋಗಿದ್ದ. ಏಣಿ ಕಂಪ್ಯೂಟರಿನ ಮುಂದೆ ಕೂತಳು, ನಾನು ಪಕ್ಕದಲ್ಲಿ ಬಟ್ಟೆಯ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತೆ.

ಹುಡುಕುವುದೇ ಬೇಕಾಗಲಿಲ್ಲ. ‘ಅತ್ತೆ’ ಎಂದೇ ಹೆಸರಿಟ್ಟು ಒಂದು ದನಿಯ ಫೈಲು. “ಇದೇ ಇರ್ಬೇಕು ಅಜ್ಜಿ” ಎಂದು ಪಾಸ್‌ವರ್ಡ್ ಹಾಕಿ, ಅದನ್ನು ತೋರಿಸಿದಳು. ಪೆಟ್ಟಿಗೆ ತೆಗೆಯಲಿಲ್ಲ. ಮತ್ತೆ ಮಾಡಿದಳು. ತೆಗೆಯಲಿಲ್ಲ.

“ಇದರಲ್ಲಿ ಏನಿದೆ ಕೇಳೋಣ” ಎಂದು ಹಾಕಿದಳು. ನಾನು ತಲೆ ತಗ್ಗಿಸಿ ಕೂತೆ, ನನ್ನ ಬೈಗುಳ ಕೇಳಬೇಕಲ್ಲ ಎಂದು. ನನ್ನ ದನಿ ಬರಲೇ ಇಲ್ಲ. ನಗು ಬಂತು. ಮೂಗಿನಲ್ಲಿ ತಡೆದು, ಆಮೇಲೆ ಪಾತ್ರೆ ಬಿದ್ದ ಹಾಗೆ. ಅಷ್ಟೇ. ಮುಗಿಯಿತು.

“ನನ್ನ ಬೈಗುಳ ಎಲ್ಲಿ?”

ಏಣಿ ಏನನ್ನೋ ಒತ್ತಿ ನೋಡಿದಳು. “ಯಾರೋ ಕತ್ತರಿಸಿದ್ದಾರೆ ಅಜ್ಜಿ. ಹಿಂದೆ ಮುಂದೆ ಇದ್ದದ್ದನ್ನೆಲ್ಲ ತೆಗೆದು ಈ ನಗುವಿನ ತುಂಡು ಮಾತ್ರ ಇಟ್ಕೊಂಡಿದ್ದಾರೆ. ಇಟ್ಕೊಳ್ಳೋವಾಗ ಬೇರೆ ಹೆಸರಲ್ಲಿ ಇಡೋದು ಬಿಟ್ಟು ಇದರ ಮೇಲೇ ಇಟ್ಟಿದ್ದಾರೆ. ತಾರೀಕು ಇಲ್ಲಿದೆ ನೋಡಿ, ಜನವರಿ ಹತ್ತೊಂಬತ್ತು.”

ನೋಡಲು ಏನಿದೆ? ಬಂದ ನೆಂಟರೆಲ್ಲ ಹೊರಟು ಮನೆ ಖಾಲಿಯಾದ ದಿನ ಅದು. ಇಲಿಮರಿ ಕಿವಿಗೆ ಸಿಕ್ಕಿಸಿಕೊಂಡು ಈ ಕುರ್ಚಿಯಲ್ಲೇ ಕೂತಿದ್ದಳು. ಊಟಕ್ಕೆ ಏಳೇ ಎಂದರೆ ಏಳಲಿಲ್ಲ, ಕೆನ್ನೆಯೆಲ್ಲ ಒದ್ದೆ. ಅವತ್ತು ಸಂಜೆಯೇ ಅವಳ ಫೋನು ಮೊದಲ ಸಲ ನಕ್ಕದ್ದು.

ಅಮ್ಮನ ನಗು ಬೇಕಿತ್ತು ಮಗುವಿಗೆ. ಅಜ್ಜಿಯ ಬೈಗುಳ ಯಾಕೆ ಬೇಕು? ಕತ್ತರಿಸಿದಳು.

“ಎರಡನ್ನೂ ಸೇರಿಸಿ ಹೊಲಿಯೋಕಾಗಲ್ವಾ?”

“ಆಗಲ್ಲ ಅಜ್ಜಿ. ಹಳೇದರ ಮೇಲೇ ಹೊಸದು ಕೂತುಬಿಟ್ಟಿದೆ. ಯಾರು ಮಾಡಿದ್ದು ಗೊತ್ತಾ?”

“ನಾನು” ಎಂದೆ.

“ನೀವಾ?” ಅವಳು ನನ್ನ ಬೆರಳುಗಳನ್ನೇ ನೋಡಿದಳು.

“ಯಾಕೆ, ನನಗೆ ಬರಬಾರದಾ? ಈಗ ಅದನ್ನ ಕಸದ ಬುಟ್ಟಿಗೆ ಹಾಕು. ಬುಟ್ಟೀನೂ ಖಾಲಿ ಮಾಡು. ತಾರೀಕು ಗೀರೀಕು ಯಾರ ಕಣ್ಣಿಗೂ ಬೀಳಬಾರದು.”

ಏಣಿ ಆ ತಾರೀಕನ್ನು ಇನ್ನೊಮ್ಮೆ ನೋಡಿದಳು. ದಡ್ಡಿಯಲ್ಲ ಅವಳು. ಆಮೇಲೆ ಹಾಕಿದಳು. ಹೋಗುವಾಗ ಬಾಗಿಲಲ್ಲಿ ಬಗ್ಗಿ ನನ್ನ ಕೈ ಹಿಡಿದುಕೊಂಡಳು. “ಬೇರೆ ಎಲ್ಲಾದ್ರೂ ಆ ದನಿ ಇದ್ಯಾ ನೋಡಿ. ಮೊದಲು ಹಿಡಿದ ಫೋನಿನಲ್ಲಿ?”

ಆ ಫೋನನ್ನು ಮಗ ಪೂರ್ತಿ ಅಳಿಸಿ ಇಲಿಮರಿಗೆ ಕೊಟ್ಟಾಯಿತು. ಆದರೆ ಅವಳ ತಂಗಿ ಇದ್ದಾಳಲ್ಲ.

ಮಾರ್ಚ್ ೧೬, ಭಾನುವಾರ

ಇಲಿಮರಿಯ ಚಿಕ್ಕಮ್ಮನಿಗೆ ಫೋನು ಮಾಡಿದೆ. ನನ್ನ ದನಿ ಕೇಳಿ ಗಾಬರಿಯಾದಳು. ನಾನಾಗಿ ಅವಳಿಗೆ ಫೋನು ಮಾಡಿದ್ದು ಇದೇ ಮೊದಲು.

“ಪಾರಿವಾಳದ್ದು ನಿನ್ನ ಹತ್ರ ಇದ್ಯಾ?”

“ಇದೆ ಅತ್ತೆ, ಅಕ್ಕ ಕಳಿಸಿದ್ಲು. ಬೈಬೇಡಿ, ಅಳಿಸಲ್ಲ ನಾನು.”

“ಯಾರು ಅಳಿಸು ಅಂದ್ರು? ಕಳಿಸು.”

ಅವಳು ಅಳುತ್ತಾ ಹೇಳಿದಳು. ಅಕ್ಕ ಮಗಳಿಗೆ ಮಾತಾಡಿಡುತ್ತಿದ್ದದ್ದು ಅವಳಿಗೂ ಗೊತ್ತಿತ್ತಂತೆ. ಬೀಗ ಯಾಕೆ ಎಂದು ಕೇಳಿದ್ದಳಂತೆ. “ನಮ್ಮ ಇಲಿಮರಿಗೆ ಬೀಗ ಇಲ್ದಿದ್ರೆ ಆಗುತ್ತಾ? ಎಲ್ಲಾನೂ ಒಂದೇ ದಿನ ತಿಂದು ಮುಗಿಸ್ತಾಳೆ” ಎಂದಿದ್ದಳಂತೆ ನನ್ನ ಸೊಸೆ.

ಅಂದರೆ ನನ್ನ ಕಿವಿಗೆ ಹಾಕಿದ ಬೀಗ ಅಲ್ಲ ಅದು.

ದನಿ ಬಂತು. ಮಗ ಮನೆಯಲ್ಲಿರಲಿಲ್ಲ, ಇಲಿಮರಿ ಓದಲು ಗೆಳತಿಯ ಮನೆಗೆ ಹೋಗಿದ್ದಳು. ಬಚ್ಚಲ ಬಾಗಿಲು ಹಾಕಿಕೊಂಡು, ಮಗುಚಿದ ಬಕೆಟ್ಟಿನ ಮೇಲೆ ಕೂತು ಕೇಳಿದೆ.

“ಬಂದ್ಯಾ ಮಹಾರಾಣಿ? ಎರಡು ಕಡ್ಡಿ ಇಟ್ಟು ಮನೆ ಅಂತೀಯಾ? ನಿನ್ನ ತವರಲ್ಲಿ ಇಷ್ಟೇನಾ ಕಲಿಸಿದ್ದು? ಎಲ್ಲಿ ನಿನ್ನ ಗಂಡ? ಮೊಟ್ಟೆ ಇಡೋವರೆಗೂ ಹಿಂದೆ ಹಿಂದೆ ಸುತ್ತಿ ಗುಟುರು ಹಾಕಿದ್ದೇ ಹಾಕಿದ್ದು, ಈಗ ಪತ್ತೆನೇ ಇಲ್ಲ. ಸೊಂಟ ನೋಯ್ತಿದ್ಯಾ? ನೋಯ್ಲಿ. ಯಾರು ಕೂರು ಅಂದ್ರು? ಗೋಡೆಯೆಲ್ಲ ಗಲೀಜು ಮಾಡಿದ್ದೀಯಲ್ಲೇ, ನಿನ್ನ ಮಕ್ಕಳು ಬಂದು ಒರೆಸ್ತಾರಾ…”

ನನ್ನ ದನಿ ಇಷ್ಟು ಕರ್ಕಶ ಎಂದು ಗೊತ್ತಿರಲಿಲ್ಲ. ಆಮೇಲೆ ಅವಳ ನಗು. ನಗುವಿನ ಆಚೆಗೆ ಒಂದು ಮಾತು ಇತ್ತು. ಅವತ್ತು ಅರ್ಧಕ್ಕೇ ಎದ್ದುಹೋದ ನಾನು ಕೇಳಿಸಿಕೊಂಡಿರಲಿಲ್ಲ. ಯಾರಿಗೋ ಗುಟ್ಟು ಹೇಳುವ ಹಾಗೆ, ಮೆಲ್ಲಗೆ:

“ನೋಡಿ, ಬೈತಾ ಬೈತಾ ಕಾಳು ಹಾಕ್ತಿದ್ದಾರೆ.”

ಇಷ್ಟು ಸಾಕು ಇವತ್ತಿಗೆ.

ಮಾರ್ಚ್ ೧೯, ಬುಧವಾರ

ಏಣಿ ಬಂದಳು. ಚಿಕ್ಕಮ್ಮ ಕಳಿಸಿದ್ದನ್ನು ಹಾಕಿದಳು. ತೆಗೆಯಲಿಲ್ಲ.

ಫೋನಿನಿಂದ ಫೋನಿಗೆ ಕಳಿಸುವಾಗ ಅದನ್ನು ಹಿಂಡಿ ಸಣ್ಣ ಮಾಡುತ್ತದಂತೆ. ನಮ್ಮ ಕಿವಿಗೆ ಅದೇ ಬೈಗುಳ, ಅದೇ ನಗು. ಪೆಟ್ಟಿಗೆಗೆ ಮಾತ್ರ ಬೇರೆ ಯಾರದೋ.

“ಇನ್ನೇನೂ ದಾರಿ ಇಲ್ವಾ ತಾಯಿ?”

“ಇಲ್ಲ ಅಜ್ಜಿ. ಇದ್ದಿದ್ರೆ ನಾವು ಆ ಹೆಣ್ಣುಮಕ್ಕಳ ಮಾತನ್ನ ಇದರಲ್ಲಿ ಇಡ್ತಾನೇ ಇರಲಿಲ್ಲ. ಯಾರಿಗೂ ತೆಗೆಯೋಕಾಗಲ್ಲ ಅನ್ನೋ ನಂಬಿಕೆ ಮೇಲೇ ಇಡೋದು.”

ಅಂಥ ಒಳ್ಳೆಯ ಬೀಗ ಹಾಕಿದ್ದಾಳೆ ನನ್ನ ಸೊಸೆ. ಅರೆಬರೆ ಕೆಲಸ ಅವಳಿಗೆ ಎಂದೂ ಬರಲಿಲ್ಲ.

ಪರದೆಯ ಮೇಲೆ ಆ ಪೆಟ್ಟಿಗೆ ಕಾಣುತ್ತದೆ, ಮಗುವಿನ ಉಗುರಿನಷ್ಟು. ಅದರ ಮೇಲೆ ಕೈ ಇಟ್ಟು ನೋಡಿದೆ. ಗಾಜು ಬೆಚ್ಚಗಿತ್ತು.

ಮಾರ್ಚ್ ೨೪, ಸೋಮವಾರ

ಇಲಿಮರಿ ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೆ ಸುತ್ತು ಹಾಕಿದ್ದಾಳೆ. ಸುತ್ತಿನೊಳಗೆ ‘ಅಮ್ಮ’ ಎಂದು ಬರೆದಿದ್ದಾಳೆ. ಅಡುಗೆಮನೆಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು.

“ಕೀಲಿ ಸಿಗತ್ತೆ ಅಲ್ವಾ ಅಜ್ಜಿ? ಅಮ್ಮ ಸುಮ್ಮಸುಮ್ಮನೆ ಹೇಳಿರಲ್ಲ.”

“ಓದ್ಕೋ ಹೋಗು.”

ಮಾರ್ಚ್ ೨೮, ಶುಕ್ರವಾರ

ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ, ಸೀದಾ ಚಿಕ್ಕ ಕೋಣೆಗೆ ಹೋಗಿ ಕುರ್ಚಿಯ ಮೇಲೆ ಕೂತಳು. ಮಗ ರಜೆ ಹಾಕಿ ಬಂದಿದ್ದ, ಗೋಡೆಗೆ ಒರಗಿ ನಿಂತ. ನಾನು ಬಾಗಿಲಲ್ಲಿ. ಏನು ಹೇಳಬೇಕೆಂದು ವಾರದಿಂದ ಬಾಯಿಪಾಠ ಮಾಡಿದ್ದೆ.

“ಕೀಲಿ ಏನು ಅಂತ ಗೊತ್ತಾಯ್ತು” ಎಂದೆ. “ಆ ಪಾರಿವಾಳದ ಬೈಗುಳ ಇತ್ತಲ್ಲ, ಅದು. ಇಲ್ಲಿ ಇಟ್ಟಿದ್ಲು ನಿಮ್ಮಮ್ಮ.”

ಎಗರಿ ಎದ್ದಳು. “ಹೌದು! ಇದೆ ಇದೆ! ನಾನು ನೋಡಿದ್ದೀನಿ!”

“ಇಲ್ಲ. ನಾನು ಕಸದ ಬುಟ್ಟಿಗೆ ಹಾಕಿದೆ. ಬುಟ್ಟೀನೂ ಖಾಲಿ ಮಾಡಿದೆ.”

“ಯಾವಾಗ?”

“ಹೋದ ತಿಂಗಳು. ಹಾಡು ಹಾಕೋಕೆ ಕೂತಿದ್ದೆ, ಕಣ್ಣಿಗೆ ಬಿತ್ತು. ಅಳಿಸು ಅಂತ ಅವಳಿಗೆ ಎಷ್ಟು ಸಲ ಹೇಳಿದ್ದೆ, ನಿನಗೇ ಗೊತ್ತು. ಅವಳು ಅಳಿಸ್ಲಿಲ್ಲ, ನಾನೇ ಅಳಿಸ್ದೆ. ನಾಲ್ಕು ಜನ ಕೇಳಿ ನಗೋದು ಬೇಡ ಅಂತ.”

ಅವಳ ಬಾಯಿ ತೆರೆದೇ ಇತ್ತು. “ಆದ್ರೆ ನಾನು ನಗು ತಗೊಂಡಾಗ ಇತ್ತು ಅಜ್ಜಿ! ಅಷ್ಟೂ ಇತ್ತು! ನಾನು ತಗೊಂಡ ಮೇಲೂ ಇತ್ತು!”

“ಇತ್ತು” ಎಂದೆ. “ನೀನು ತಗೊಂಡಾಗ ಸರಿಯಾಗೇ ಇತ್ತು. ಆಮೇಲೆ ಹಾಳುಮಾಡಿದ್ದು ನಾನು.”

ಆ ಮಾತು ಬರಬೇಕಿತ್ತು, ಬಂತು. ನೆಟ್ಟಗೆ, ಎಡವದೆ.

ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ಜಡೆಯ ತುದಿಯನ್ನು ಬಾಯಿಂದ ತೆಗೆದು ಹೇಳಿದಳು, “ಅಮ್ಮ ಇನ್ನೂ ಮಾತಾಡೋದಿತ್ತು ಅಜ್ಜಿ. ನೀನು ಮಧ್ಯೆ ಬಾಯಿ ಹಾಕಿದೆ.”

ಮಗ ನನ್ನ ಕಡೆ ತಿರುಗಿದ. “ನಿನಗೆ ನಿನ್ನ ಮಾನವೇ ಹೆಚ್ಚಾಯ್ತಲ್ಲಮ್ಮ” ಎಂದ. ಹುಟ್ಟಿದಾಗಿನಿಂದ ನನ್ನೆದುರು ಆಡಿದ ಮಾತುಗಳಲ್ಲಿ ಇದೇ ದೊಡ್ಡದು. ಏಟು ಬಿದ್ದ ಹಾಗಾಯಿತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ನುಂಗಿದೆ. ಎಷ್ಟು ಕಹಿ!

ಮಾರ್ಚ್ ೨೯, ಶನಿವಾರ

ಮಾತಿಲ್ಲ.

ಏಪ್ರಿಲ್ ೨, ಬುಧವಾರ

ತಟ್ಟೆ ಇಟ್ಟರೆ ತಿನ್ನುತ್ತಾಳೆ. ನಾನು ಎದುರು ಕೂತರೆ ತಟ್ಟೆ ತೆಗೆದುಕೊಂಡು ಎದ್ದು ಹೋಗುತ್ತಾಳೆ. ಅದಕ್ಕೇ ನಾನು ಕೂರುವುದಿಲ್ಲ.

ಅವಳ ಫೋನು ನಗುತ್ತಿಲ್ಲ. ದನಿ ಮುಚ್ಚಿ ಇಟ್ಟಿದ್ದಾಳೆ. ಸೌಟು ಕೈಯಲ್ಲೇ ಇರುತ್ತದೆ ಈಗ, ಬೀಳುವುದಿಲ್ಲ. ಬೀಳಬಾರದೇ ಅನ್ನಿಸುತ್ತದೆ.

ಏಪ್ರಿಲ್ ೯, ಬುಧವಾರ

ನಿಜ ಹೇಳಿಬಿಡಲೇ ಎಂದು ಇವತ್ತು ಅವಳ ಬಾಗಿಲವರೆಗೆ ಹೋಗಿದ್ದೆ. ಒಳಗೆ ಕೂತು ಕಪಾಟಿನಲ್ಲಿದ್ದ ಅವಳಮ್ಮನ ಸ್ವೆಟರಿನ ಗುಂಡಿಯನ್ನು ಕಡಿಯುತ್ತಿದ್ದಳು. ಇನ್ನೂ ಎಷ್ಟು ವರ್ಷ ಬದುಕಬೇಕು ಈ ಮಗು. ಅಷ್ಟು ವರ್ಷವೂ ಬೆಳಗಾದರೆ ‘ನಾನೇ ಕತ್ತರಿಸಿದೆ’ ಎಂದು ಏಳಬೇಕೇ? ನನಗಾದರೆ ಉಳಿದಿರುವುದೇ ಕಡಿಮೆ, ಹೊರೆಯೂ ಬೇಗ ಇಳಿಯುತ್ತದೆ. ಅಜ್ಜಿ ಕೆಟ್ಟವಳು ಎಂದುಕೊಂಡರೆ ಹೊಟ್ಟೆಯೇನೂ ಕೆಡುವುದಿಲ್ಲ.

ವಾಪಸು ಬಂದೆ. ಬರುವಾಗ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡೆ.

ಏಪ್ರಿಲ್ ೧೭, ಗುರುವಾರ

ಏಣಿ ನನ್ನನ್ನು ನೋಡಲೆಂದೇ ಬಂದಿದ್ದಳು. ಇಲಿಮರಿ ಬಾಗಿಲು ತೆಗೆದು, ಏನೂ ಅನ್ನದೆ ಒಳಗೆ ಹೋದಳು. ಏಣಿ ಅವಳ ಬೆನ್ನು ನೋಡಿದಳು, ನನ್ನ ಮುಖ ನೋಡಿದಳು.

“ಹೇಳಿಬಿಟ್ರಾ ಅಜ್ಜಿ? ನೀವೇ ಅಂತ?”

“ನಾನೇ ಅಲ್ವಾ ಮಾಡಿದ್ದು?”

ಚಹಾ ಕುಡಿದಳು. ಈ ಪುಸ್ತಕವನ್ನು ತೋರಿಸಿದೆ. ಒಳಗೆ ಏನಿದೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳ ಕಸುಬೇ ಅದು.

“ಇದನ್ನ ನಿನ್ನ ಆ ಗಿರಣಿಗೆ ಹಾಕೋಕಾಗತ್ತಾ? ಇಲಿ ಇರೋ ಮನೆ. ಇವತ್ತಲ್ಲ ನಾಳೆ ಅವಳ ಬಾಯಿಗೆ ಸಿಗತ್ತೆ.”

“ಪುಟ ಪುಟದ್ದೂ ಫೋಟೊ ತೆಗೆದು ಹಾಕ್ಬಹುದು. ಆಮೇಲೆ ಪುಸ್ತಕ ಸುಟ್ಟುಬಿಡಿ. ಮೊದಲೇ ಸುಟ್ಟುಬಿಟ್ರೆ ಕೆಲಸ ಕಡಿಮೆ ಅಲ್ವಾ ಅಜ್ಜಿ?”

ಅದು ನನಗೂ ಹೊಳೆದಿತ್ತು. ಆದರೆ ಪುಟ ಪುಟದಲ್ಲೂ ಸೊಸೆಯಿದ್ದಾಳೆ, ಬೈಸಿಕೊಳ್ಳುತ್ತಾ. ಸುಟ್ಟರೆ ಯಾರನ್ನು ಬೈಯಲಿ? ಅಲ್ಲದೆ ಇಲಿಮರಿಗೂ ನಾಳೆ ಒಬ್ಬ ಮಗಳು ಹುಟ್ಟುತ್ತಾಳೆ. ಆ ಮಗಳು ಪ್ರೀತಿಯಿಂದಲೇ ಏನನ್ನಾದರೂ ಕೆಡಿಸಿ ಅಳುತ್ತಾ ನಿಲ್ಲುತ್ತಾಳೆ. ಆವತ್ತು ಬೇಕಾದರೆ ಇಲಿಮರಿ ತೆಗೆದು ಓದಲಿ. ಆವತ್ತಿನ ಹೊತ್ತಿಗೆ ತಡೆದುಕೊಳ್ಳುತ್ತಾಳೆ. ಯಾವಾಗ ಕೊಡಬೇಕು ಎನ್ನುವುದನ್ನು ಏಣಿಗೇ ಬಿಟ್ಟಿದ್ದೇನೆ.

“ಕೀಲಿ ಏನಿಡಲಿ?” ಎಂದು ಕೇಳಿದಳು.

ಚಿಕ್ಕಮ್ಮ ಕಳಿಸಿದ್ದು ಇದೆಯಲ್ಲ, ಅದನ್ನೇ ಇಡು ಎಂದೆ. ಆ ಪೆಟ್ಟಿಗೆಗೆ ಆಗದ ಕೀಲಿ ಈ ಪೆಟ್ಟಿಗೆಗಾದರೂ ಆಗಲಿ. ಅದರಲ್ಲಿ ನಾನೂ ಇದ್ದೇನೆ, ಅವಳೂ ಇದ್ದಾಳೆ. ಯಾರ ಕೈಗೂ ಕತ್ತರಿ ಕೊಡಬೇಡ ಎಂದು ಹೇಳಿ ಕಳಿಸಿದ್ದೇನೆ. ಸೋಮವಾರ ಬರುತ್ತಾಳೆ.

ಏಪ್ರಿಲ್ ೨೦, ಭಾನುವಾರ

ಕಿಟಕಿಯ ಆಚೆ ಪಾರಿವಾಳ ಬಂದಿದೆ. ಹಳೆಯದೋ, ಅದರ ಮಗಳೋ, ಯಾರಿಗೆ ಗೊತ್ತು. ಅದೇ ಪೊರಕೆಯ ಮೂಲೆ, ಅದೇ ಎರಡು ಕಡ್ಡಿ. ನಾನು ಹಿಡಿ ಕಾಳು ತೆಗೆದುಕೊಂಡು ಹೋದೆ, ಸುಮ್ಮನೆ ಹಾಕಿದೆ, ಸುಮ್ಮನೆ ನಿಂತೆ. ಅದು ಕತ್ತು ಓರೆ ಮಾಡಿ ನೋಡಿತು.

“ಬೈಯಲ್ವಾ?”

ಹಿಂದಿನಿಂದ ಬಂತು. ಇಲಿಮರಿ ಬಾಗಿಲ ಹತ್ತಿರ ನಿಂತಿದ್ದಳು, ಅವಳಮ್ಮ ಅವತ್ತು ನಿಂತಿದ್ದ ಜಾಗದಲ್ಲೇ. ತಿರುಗಿದರೆ ಹೋಗಿಬಿಡುತ್ತಾಳೆ ಎಂದು ನಾನು ತಿರುಗಲಿಲ್ಲ.

“ಬೈದು ಬೈದು ಬಾಯಿ ನೋಯ್ತಿದೆ” ಎಂದೆ.

ಅವಳು ಹೋಗಲಿಲ್ಲ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ನಕ್ಕಿತು. ದನಿ ಯಾವಾಗ ತೆರೆದಿದ್ದಳೋ. ಮೊದಲು ಮೂಗಿನಲ್ಲಿ ತಡೆದು, ಆಮೇಲೆ ತಡೆಯಲಾರದೆ. ಪಾರಿವಾಳ ಬೆಚ್ಚಿ ಹಾರಿತು, ನನ್ನ ಮುಷ್ಟಿಯಲ್ಲಿ ಉಳಿದಿದ್ದ ಕಾಳು ನೆಲಕ್ಕೆ ಬಿತ್ತು.

ಯಾರು ಫೋನು ಮಾಡಿದ್ದರೋ ಏನೋ. ಅವಳು ಎತ್ತಲಿಲ್ಲ. ಎತ್ತು ಎಂದು ನಾನೂ ಹೇಳಲಿಲ್ಲ. ನಗು ಪೂರ್ತಿ ಮುಗಿಯುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು. ನಾನು ಮಧ್ಯೆ ಬಾಯಿ ಹಾಕಲಿಲ್ಲ.